ಮಗನ ಮೋಟಾರು ಜಾತ್ರೆಗೆ ನಾನೂ ಹೋದೆ



ಸಂಕ್ರಾಂತಿ ಮುಗಿದ ಭಾನುವಾರ ನಮ್ಮಂಥ ಗೃಹಿಣಿಯರು ಎಲ್ಲಿಗೆ ಹೋಗಬಹುದು, ನೀವೇ ಹೇಳಿ. ಕುಸುರೆಳ್ಳು ಕೊಡಲು ಬೀಗರ ಮನೆಗೆ, ಇಲ್ಲವೇ ಬಾಣಂತಿಯನ್ನು ನೋಡಲು ನೆಂಟರ ಮನೆಗೆ. ನಾನು ಹೋದದ್ದು ಕಾರುಗಳ ಜಾತ್ರೆಗೆ! ಅದೂ ಕಂಪನಿಯವರು ಹೊಸ ಕಾರು ಮಾರಲು ಇಟ್ಟ ಜಾತ್ರೆಯಲ್ಲ. ಹಳೆಯ ಜಪಾನೀ ಕಾರುಗಳನ್ನು ಬಿಚ್ಚಿ, ಕತ್ತರಿಸಿ, ಬೆಸೆದು, ತಮಗೆ ಬೇಕಾದ ಹಾಗೆ ಮಾಡಿಕೊಂಡ ಹುಡುಗರು ಅವನ್ನು ಸಾಲಾಗಿ ನಿಲ್ಲಿಸಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಜಾತ್ರೆ. ನಗಬೇಡಿ. ನಾನು ಮಜಾ ನೋಡಲು ಹೋದವಳಲ್ಲ, ನನ್ನ ಭಿಶಿಯ ಹಣ ಹುಡುಕಿಕೊಂಡು ಹೋದವಳು.

ನಮ್ಮೂರು ಸೇಡಂ. ನಮ್ಮ ಮನೆಯವರು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಮಗ ಡಿಪ್ಲೊಮಾ ಮುಗಿಸಿ ವಾಡಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಮಗಳು ಪಿಯುಸಿ ಎರಡನೇ ವರ್ಷ, ನರ್ಸಿಂಗ್ ಓದುತ್ತೇನೆ ಎನ್ನುತ್ತಾಳೆ. ಓಣಿಯ ಹದಿಮೂರು ಮಂದಿ ಹೆಣ್ಣುಮಕ್ಕಳು ಸೇರಿ ಭಿಶಿ ಹಾಕಿದ್ದೆವು, ನಿಮ್ಮ ಕಡೆ ಚೀಟಿ ಎನ್ನುತ್ತೀರಲ್ಲ, ಅದೇ. ತಿಂಗಳಿಗೆ ಐದು ಸಾವಿರದಂತೆ, ದೀಪಾವಳಿಗೆ ನನ್ನ ಸರದಿ ಬಂದು 65 ಸಾವಿರ ರೂಪಾಯಿ ಕೈಗೆ ಬಂತು. ಅದು ಮಗಳ ಫೀಸಿಗೆಂದು ಎತ್ತಿಟ್ಟದ್ದು. ಮಗ ಬಂದು, "ಅವ್ವಾ, ನಂದೇ ಗ್ಯಾರೇಜ್ ಹಾಕಬೇಕಂತೀನಿ, ಸಾಮಾನ ತಗೋಬೇಕು, ಜೂನ್ ಒಳಗ ತಿರುಗಿ ಕೊಡ್ತೀನಿ" ಎಂದ. ಮಗನ ಮಾತು! ಕೊಟ್ಟೆ.

ಅದೇ ಹೊತ್ತಿಗೆ ನಮ್ಮ ಮನೆಯ ಹಳೇ ಮಾರುತಿ 800 ಕಾರನ್ನೂ "ಸ್ವಲ್ಪ ಕೆಲಸ ಅದ" ಎಂದು ವಾಡಿಗೆ ಒಯ್ದ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಗಾಡಿ, ಮನೆಯವರ ಹೆಸರಿನಲ್ಲಿದೆ. ಮೂರು ತಿಂಗಳಾದರೂ ಬರಲಿಲ್ಲ. ಒಂದು ದಿನ ಪಕ್ಕದ ಮನೆಯವರು ತಮ್ಮ ಮಗನ ಫೋನಿನಲ್ಲಿ ಒಂದು ಚಿತ್ರ ತೋರಿಸಿ, "ಇದು ನಿಮ್ ಗಾಡಿ ಅಲ್ಲೇನ್ರಿ?" ಎಂದರು. ನಂಬರ್ ನಮ್ಮದೇ. ಆದರೆ ಗಾಡಿ ನೆಲಕ್ಕೆ ಹೊಟ್ಟೆ ಹಚ್ಚಿ ಕುಳಿತ ಎಮ್ಮೆಯ ಹಾಗಿತ್ತು. ಚಕ್ರಗಳು ಹೊಸವು, ಅಗಲವಾದವು, ಪಳಪಳ ಹೊಳೆಯುತ್ತಿದ್ದವು. ನನ್ನ ಎದೆ ಝಲ್ ಎಂದಿತು. ಗಾಡಿಯನ್ನು ನೋಡಿ ಅಲ್ಲ, ಆ ಚಕ್ರದ ಬೆಲೆ ಎಷ್ಟಿರಬಹುದು ಎಂದು.

ಫೋನ್ ಮಾಡಿದರೆ ಹುಡುಗ ಖುಷಿಯಲ್ಲಿದ್ದ. "ಅವ್ವಾ, ಭಾನುವಾರ ಶಹಾಬಾದ್‌ದಾಗ ಗಾಡಿಗಳು ಕೂಡ್ಲತಾವ. ನೀನೂ ಬಾ. ಬರಬೇಕಾದ್ರ ಟ್ರಂಕಿನಾಗಿನ ಆರ್‌ಸಿ ಕಾರ್ಡ್ ತಗೊಂಡು ಬಾ, ಪೊಲೀಸರು ಕೇಳಿದ್ರ ಬೇಕಾಗ್ತದ." ಮುಂದೆ ಈ ಮಾತಿಗೆ ಅವನೇ ಎಷ್ಟು ಪೇಚಾಡಿದ ಎಂಬುದನ್ನು ಹೇಳುತ್ತೇನೆ.

ಚಿಂಚೋಳಿಯಿಂದ ನಮ್ಮಕ್ಕ ಹಬ್ಬಕ್ಕೆ ಬಂದಿದ್ದಳು. ಅವಳನ್ನೂ ಕರೆದುಕೊಂಡು ಹೊರಟೆ. ಅವಳು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಂಡೇ ಬಂದಳು. ಜಾತ್ರೆ ಅಂದರೆ ಅವಳಿಗೆ ಬುತ್ತಿ ಬೇಕು. ಸೇಡಂನಲ್ಲಿ ರೈಲು ಹತ್ತಿ, ಮಳಖೇಡ, ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಅಲ್ಲಿಂದ ಟಂಟಂ ಹಿಡಿದೆವು. ರೈಲಿನಲ್ಲಿ ಹೊತ್ತು ಹೋಗದೆ ಆರ್‌ಸಿ ಕಾರ್ಡನ್ನು ಕನ್ನಡಕ ಹಾಕಿಕೊಂಡು ಓದಿದೆ. ನಾನು ಎಸ್‌ಎಸ್‌ಎಲ್‌ಸಿ ಓದಿದವಳು, ಆದರೂ ಇಷ್ಟು ವರ್ಷದಲ್ಲಿ ಅದನ್ನು ಓದಿರಲೇ ಇಲ್ಲ. ಮಾಲೀಕರ ಹೆಸರು, ಚಾಸಿ ನಂಬರು, ಎಂಜಿನ್ ನಂಬರು, ಬಣ್ಣ, ಎಂಜಿನ್ನಿನ ಅಳತೆ 796 ಸಿಸಿ. ಅಷ್ಟು ತಲೆಯಲ್ಲಿ ಉಳಿಯಿತು.

ಫರ್ಸಿ ಬಯಲಿನಲ್ಲಿ ಸಾಲುಗಾಡಿ

ಶಹಾಬಾದ್ ಎಂದರೆ ಫರ್ಸಿ ಕಲ್ಲು. ನಿಮ್ಮ ಮನೆಯ ಅಂಗಳದಲ್ಲೋ ಅಡುಗೆಮನೆಯ ಕಟ್ಟೆಯ ಮೇಲೋ ಅದು ಇದ್ದೀತು. ಊರ ಹೊರಗೆ, ಕಲ್ಲು ತೆಗೆದು ಬಿಟ್ಟ ಗಣಿಯ ಪಕ್ಕದ ಚಪ್ಪಟೆ ಬಯಲಿನಲ್ಲಿ ಗಾಡಿಗಳು ನಿಂತಿದ್ದವು. ಅಕ್ಕ ಹಪ್ಪಳ ಎಣಿಸುವವಳ ಹಾಗೆ ಬೆರಳು ಮಡಚಿ ಎಣಿಸಿದಳು, ಇಪ್ಪತ್ತೆರಡು. ನಮ್ಮ ಕಲಬುರಗಿಯ ಕೆಎ 32, ಯಾದಗಿರಿಯ 33, ಬೀದರಿನ 38, ಸೋಲಾಪುರದ ಎಂಎಚ್ 13, ಹೈದರಾಬಾದ್ ಕಡೆಯವೂ ಐದಾರು. ಶಾಮಿಯಾನ ಇಲ್ಲ, ಮೈಕು ಇಲ್ಲ, ಬಹುಮಾನವೂ ಇಲ್ಲ. ಒಂದು ಚಹಾದ ಗಾಡಿ, ಒಂದು ಮಿರ್ಚಿ ಭಜಿಯ ಗಾಡಿ. ಹುಡುಗರು ಮುಂದಿನ ಮುಚ್ಚಳ ತೆಗೆದು, ಮದುವೆಯಲ್ಲಿ ರುಖವತ ಇಟ್ಟ ಹಾಗೆ, ಎಂಜಿನ್ ತೋರಿಸುತ್ತ ನಿಂತಿದ್ದರು.

ಜಪಾನೀ ಸ್ಪೋರ್ಟ್ಸ್ ಕಾರು ಎಂದು ಕೇಳಿ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಬಂದು ನೋಡಿದರೆ ಎಲ್ಲ ನಮ್ಮ ಸಡಕಿನ ಗಾಡಿಗಳೇ! ಮಾರುತಿ 800, ಜೆನ್, ಎಸ್ಟೀಮ್, ಹೋಂಡಾ ಸಿಟಿ, ಒಂದೆರಡು ಮಿತ್ಸುಬಿಷಿ ಲ್ಯಾನ್ಸರ್, ಒಂದು ಜಿಪ್ಸಿ. ಕೇಳಿದ್ದಕ್ಕೆ ಒಬ್ಬ ಹುಡುಗ ಫೋನಿನಲ್ಲಿ ನಿಜವಾದವನ್ನು ತೋರಿಸಿದ. ನಿಸಾನ್ ಸ್ಕೈಲೈನ್, ಟೊಯೊಟಾ ಸುಪ್ರಾ, ಮಾಜ್ದಾ ಆರ್‌ಎಕ್ಸ್ 7. ನೋಡಲು ಚೆನ್ನಾಗಿಯೇ ಇವೆ, ಸುಳ್ಳು ಹೇಳಬಾರದು. "ಮತ್ತ ಅವನ್ನ ಯಾಕ ತರಸಂಗಿಲ್ಲ?" ಎಂದೆ. ಹೊರದೇಶದಲ್ಲಿ ಓಡಿಸಿದ ಕಾರನ್ನು ನಮ್ಮ ದೇಶಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದಂತೆ, ಮೇಲೆ ಸುಂಕವೂ ಬಹಳ. ಅವರ ಕನಸಿನ ಗಾಡಿಗಳೆಲ್ಲ ಇಪ್ಪತ್ತು ಮೂವತ್ತು ವರ್ಷ ಹಳೆಯವು. ಜಪಾನಿನಲ್ಲಿಯೂ ನಮ್ಮ ಹಾಗೇ ಸ್ಟಿಯರಿಂಗ್ ಬಲಗಡೆಗೆ ಇದ್ದರೂ ಆ ಗಾಡಿಗಳು ಇಲ್ಲಿಗೆ ಬರುವ ಹಾಗಿಲ್ಲ. ಅದಕ್ಕೇ ಇಲ್ಲಿ ತಯಾರಾದ ಜಪಾನೀ ಗಾಡಿಗಳಿಗೇ ಇವರು ಶೃಂಗಾರ ಮಾಡುತ್ತಾರೆ.

ನಮ್ಮ ಮಾರುತಿಯೂ ಜಪಾನಿನ ತವರಿನದೇ ನೋಡಿ. ಸುಜುಕಿಯವರ ಆಲ್ಟೋ ಮಾದರಿಯಿಂದ ಬಂದದ್ದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ದಿಲ್ಲಿಯಲ್ಲಿ ಮೊದಲ ಗಾಡಿಯ ಕೀಲಿ ಕೊಟ್ಟರು. 2014ರ ಜನವರಿಯಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಈಗ ಇರುವವೆಲ್ಲ ಹಳೆಯವೇ. ನಮ್ಮ ಮನೆಯ ಅಕ್ಕಿ ಚೀಲ, ತೊಗರಿ ಚೀಲ, ಹೆರಿಗೆ ನೋವು ತಿನ್ನುತ್ತಿದ್ದ ನನ್ನ ನಾದಿನಿ, ಎಲ್ಲರನ್ನೂ ಹೊತ್ತ ಗಾಡಿ ಅದು. ಅದಕ್ಕೆ ಇಂಥ ವೇಷ!

ಅಡುಗೆಮನೆಯ ಲೆಕ್ಕದಲ್ಲಿ ಎಂಜಿನ್

ಸೋಲಾಪುರ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಅಲ್ಲಿದ್ದರು, ಅರವತ್ತರ ಆಸುಪಾಸು. ನಮ್ಮಿಬ್ಬರನ್ನು ನೋಡಿ ಕುರ್ಚಿ ಹಾಕಿಸಿ, "ತಂಗೆವ್ವ, ಏನ್ ಕೇಳ್ತೀರಿ ಕೇಳ್ರಿ" ಎಂದರು. ನಾನೂ ಬಿಡಲಿಲ್ಲ. ಅವರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಎಂಜಿನ್ ಎಂದರೆ ಒಲೆ. ಒಲೆಗೆ ಕಟ್ಟಿಗೆ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಗಾಳಿ ಒಳಗೆ ಬರುವ ದಾರಿಯಲ್ಲಿ ಜರಡಿಯಂಥ ಫಿಲ್ಟರ್ ಇರುತ್ತದೆ, ಹುಡುಗರು ಅದನ್ನು ತೆಗೆದು ಸಲೀಸಾಗಿ ಗಾಳಿ ಬಿಡುವಂಥದ್ದನ್ನು ಹಾಕುತ್ತಾರೆ. ಹೊಗೆ ಹೋಗುವ ಕೊಳವೆಯನ್ನು ದಪ್ಪ ಮಾಡುತ್ತಾರೆ, ಊರೆಲ್ಲ ಕೇಳುವ ಆ ಗುಡುಗು ಅದರಿಂದಲೇ. ಟರ್ಬೊ ಎಂಬುದೊಂದಿದೆ, ಅದು ನನಗೆ ಬಹಳ ಹಿಡಿಸಿತು. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಫ್ಯಾನ್ ತಿರುಗಿಸಿ, ಅದರ ಜೊತೆಗಿನ ಇನ್ನೊಂದು ಫ್ಯಾನಿನಿಂದ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವುದು. ನಾವು ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡೆವು, ಇಲ್ಲಿ ಹೊಗೆಯೇ ಒಲೆ ಊದಿಕೊಡುತ್ತದೆ!

ಹೋಂಡಾ ಸಿಟಿಯ ಮುಂದೆ ಹುಡುಗರು ಗುಂಪುಗಟ್ಟಿದ್ದರು. 2000ದಲ್ಲಿ ಬಂದ 1.5 ವಿಟೆಕ್ ಮಾದರಿಯಂತೆ, 106 ಕುದುರೆಗಳ ಬಲ. ವಿಟೆಕ್ ಎಂದರೆ ಏನು? ನಮ್ಮ ಗ್ಯಾಸ್ ಒಲೆಯಲ್ಲಿ ಸಣ್ಣ ಉರಿ, ದೊಡ್ಡ ಉರಿ ಇಲ್ಲವೇ? ನಿಧಾನಕ್ಕೆ ಹೋಗುವಾಗ ಎಂಜಿನ್ನಿನ ಬಾಗಿಲುಗಳು ಕಡಿಮೆ ತೆರೆಯುತ್ತವೆ, ಜೋರಾಗಿ ತಿರುಗಿದಾಗ ತಾವಾಗಿಯೇ ಹೆಚ್ಚು ತೆರೆಯುತ್ತವೆ. ಹೀಗಾಗಿ ಮನೆಮಂದಿಯ ಕಾರು ಒಂದು ಗಳಿಗೆಯಲ್ಲಿ ರೇಸಿನ ಕಾರಾಗುತ್ತದೆ. ಈ ಉಪಾಯ ಜಪಾನಿನಲ್ಲಿ 1989ರಲ್ಲಿಯೇ ಬಂದಿತ್ತು.

ಮಿಸ್ತ್ರಿ ಹೇಳಿದ ಇನ್ನೊಂದು ಕಥೆ ಕೇಳಿ. ಹೋಂಡಾ ಕಂಪನಿ ಕಟ್ಟಿದ ಸೊಯಿಚಿರೊ ಹೋಂಡಾ ಅವರು 1946ರಲ್ಲಿ, ಯುದ್ಧ ಮುಗಿದು ಜಪಾನಿನಲ್ಲಿ ಏನೂ ಸಿಗದ ಕಾಲದಲ್ಲಿ, ಸೈನ್ಯದವರು ವೈರ್‌ಲೆಸ್‌ಗೆ ಬಳಸುತ್ತಿದ್ದ ಒಂದು ಸಣ್ಣ ಎಂಜಿನ್ ತಂದು ಸೈಕಲ್ಲಿಗೆ ಕಟ್ಟಿದರು. ಪೆಟ್ರೋಲ್ ತುಂಬಲು ಟ್ಯಾಂಕ್ ಇರಲಿಲ್ಲ. ಮನೆಯಲ್ಲಿ ಚಳಿಗೆ ಹಾಸಿಗೆಯೊಳಗೆ ಇಟ್ಟುಕೊಳ್ಳುವ ಬಿಸಿನೀರಿನ ಡಬ್ಬಿ ಇತ್ತು, ಅದನ್ನೇ ಟ್ಯಾಂಕ್ ಮಾಡಿದರು! ಹೊತ್ತುಹೊತ್ತಿನ ಊಟದ ಸಾಮಾನಿಗಾಗಿ ದೂರ ಸೈಕಲ್ ತುಳಿಯುತ್ತಿದ್ದ ಹೆಂಡತಿ ಸಾಚಿಯವರಿಗೇ ಅದನ್ನು ಮೊದಲು ಓಡಿಸಲು ಕೊಟ್ಟರು. ಇದನ್ನು ಕೇಳಿ ಅಕ್ಕ, "ನೋಡವ್ವಾ, ಅಂವ ಹೆಂಡ್ತಿ ಕಷ್ಟಕ್ಕ ಗಾಡಿ ಮಾಡಿದ. ನಿನ್ ಮಗ ಅವ್ವನ ರೊಕ್ಕಕ್ಕ ಕೈ ಹಾಕಿ ಮಾಡ್ಯಾನ" ಎಂದಳು. ಮಿಸ್ತ್ರಿ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಅಲ್ಲಿ ಗಂಡುಹುಡುಗರ ನಡುವೆ ಒಬ್ಬಳೇ ಹುಡುಗಿ ಇದ್ದಳು, ಹೈದರಾಬಾದ್ ಕಡೆಯವಳು, ತನ್ನದೇ ಹಳೇ ಜೆನ್ ತಂದಿದ್ದಳು. ಕುರ್ತಾದ ತೋಳು ಮಡಚಿ, ಕೈಯೆಲ್ಲ ಗ್ರೀಸು. ನನ್ನನ್ನು ಕರೆದು ತನ್ನ ಗಾಡಿಯ ಚಕ್ರದ ಹಿಂದಿನ ಬ್ರೇಕ್ ತೋರಿಸಿದಳು. "ಆಂಟಿ, ಬಾಕಿಯವರು ಓಡೋದಕ್ಕೆ ಖರ್ಚು ಮಾಡ್ತಾರೆ, ನಾನು ಮೊದಲು ನಿಲ್ಲೋದಕ್ಕೆ ಖರ್ಚು ಮಾಡಿದೆ." ಎಂಥ ಮಾತು! ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಂಬ ಹುಡುಗಿ ಮೋಟಾರ್‌ಸೈಕಲ್ ಓಟದಲ್ಲಿ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದ ಸುದ್ದಿ ನಿಮಗೆ ನೆನಪಿರಬಹುದು. ಹುಡುಗಿಯರು ಈ ದಾರಿಗೆ ಬಂದರೆ ತಲೆ ಉಪಯೋಗಿಸಿಯೇ ಬರುತ್ತಾರೆ ಎನ್ನಿಸಿತು. ಅದು ನನ್ನ ಪಕ್ಷಪಾತವೂ ಇರಬಹುದು.

796 ಮತ್ತು 1298

ಇನ್ನು ನನ್ನ ಮಗನ ವಿಷಯ. ಅವನು ದೂರದಿಂದಲೇ ಹಲ್ಲು ಕಿರಿಯುತ್ತ ಬಂದ, ನನ್ನ ಮುಖ ನೋಡಿ ಸುಮ್ಮನಾದ. ಅವನ ಗೆಳೆಯನೊಬ್ಬನಿಗೆ ಏನೂ ಗೊತ್ತಿರಲಿಲ್ಲ ಪಾಪ. ಮುಚ್ಚಳ ಎತ್ತಿ ಅಭಿಮಾನದಿಂದ ವರ್ಣಿಸತೊಡಗಿದ. "ಆಂಟಿ, ನಿಮ್ಮ ಹುಡುಗ ಮಸ್ತ ಕೆಲಸ ಮಾಡ್ಯಾನ. ಇದು 800ದ ಎಂಜಿನ್ ಅಲ್ಲ, ಎಸ್ಟೀಮಿಂದು. 1298 ಸಿಸಿ, ನಾಕು ಸಿಲಿಂಡರ್!"

ನನ್ನ ಪರ್ಸಿನಲ್ಲಿ ಆರ್‌ಸಿ ಕಾರ್ಡ್ ಇತ್ತು. ತೆಗೆದು ನೋಡಿದೆ. 796. ಎದುರಿಗೆ 1298.

"ನಂಬರ್ ಓದು" ಎಂದೆ ಮಗನಿಗೆ. ಎಂಜಿನ್ ಮೇಲಿನ ನಂಬರು ಓದಿದ, ಧ್ವನಿ ಸಣ್ಣದಾಗಿತ್ತು. ಕಾರ್ಡಿನ ನಂಬರಿಗೆ ಅದು ತಾಳೆಯಾಗಲಿಲ್ಲ. "ನಮ್ ಎಂಜಿನ್ ಎಲ್ಲಿ?" "ಗ್ಯಾರೇಜ್‌ನಾಗ ಗೋಣಿಚೀಲ ಮುಚ್ಚಿ ಇಟ್ಟೀನಿ ಅವ್ವಾ." "ನನ್ ರೊಕ್ಕ ಎಲ್ಲಿ?" ಅದಕ್ಕೆ ಉತ್ತರ ಬರಲಿಲ್ಲ. ಉತ್ತರ ನನ್ನೆದುರಿಗೇ ಹೊಳೆಯುತ್ತ ನಿಂತಿತ್ತಲ್ಲ.

ಸೋದರಿಯರೇ, ಆ ಹೊತ್ತಿನ ನನ್ನ ಮನಸ್ಸನ್ನು ನಿಜವಾಗಿ ಹೇಳುತ್ತೇನೆ. ಸಿಟ್ಟು ಬಂದದ್ದು ಖರೆ. ಆದರೆ ಅದೇ ಹೊತ್ತಿಗೆ ಮಿಸ್ತ್ರಿ ಬಗ್ಗಿ ಬಗ್ಗಿ ಆ ಎಂಜಿನ್ ಕೂರಿಸಿದ ಕೆಲಸ ನೋಡಿ, ಬೆಸುಗೆಯ ಮೇಲೆ ಬೆರಳು ಆಡಿಸಿ, "ಹುಡುಗನ ಕೈ ಛಲೋ ಅದ" ಎಂದರು. ಮೂರು ಸಿಲಿಂಡರಿನ ಜಾಗದಲ್ಲಿ ನಾಲ್ಕರದನ್ನು ಕೂರಿಸುವುದು, ಅದಕ್ಕೆ ಗೇರ್ ಪೆಟ್ಟಿಗೆ, ನೀರಿನ ರೇಡಿಯೇಟರ್, ವೈರು ಎಲ್ಲ ಹೊಂದಿಸುವುದು ಸಣ್ಣ ಕೆಲಸವಲ್ಲವಂತೆ. ನನ್ನ ಹೊಟ್ಟೆಯೊಳಗೆ ಸಿಟ್ಟೂ ಹೆಮ್ಮೆಯೂ ಒಂದಕ್ಕೊಂದು ಗುದ್ದಾಡಿದವು. ಬೈಯುವುದಕ್ಕೂ ಆಗಲಿಲ್ಲ, ಹೊಗಳುವುದಕ್ಕೂ ಆಗಲಿಲ್ಲ. ಹೋಳಿಗೆ ಡಬ್ಬಿ ಗೆಳೆಯನ ಕೈಗೆ ಕೊಟ್ಟು, "ಎಲ್ಲಾರೂ ತಿನ್ರಿ" ಎಂದು ದೂರ ಹೋಗಿ ನಿಂತೆ.

ಮಿಸ್ತ್ರಿ ನನ್ನ ಹಿಂದೆಯೇ ಬಂದು ಕಾನೂನಿನ ಮಾತು ಹೇಳಿದರು. ಆಮೇಲೆ ನಮ್ಮೂರ ವಕೀಲರೊಬ್ಬರನ್ನು ಕೇಳಿಯೂ ಖಾತ್ರಿ ಮಾಡಿಕೊಂಡೆ. ಇದನ್ನು ಸ್ವಲ್ಪ ಗಮನವಿಟ್ಟು ಓದಿ, ಏಕೆಂದರೆ ಗಾಡಿ ನಿಮ್ಮ ಯಜಮಾನರ ಹೆಸರಿನಲ್ಲೋ ನಿಮ್ಮ ಹೆಸರಿನಲ್ಲೋ ಇರುತ್ತದೆ.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ಕಂಪನಿಯವರು ಮಾಡಿದ್ದಕ್ಕೂ ಆರ್‌ಸಿಯಲ್ಲಿ ಬರೆದದ್ದಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿಯಾಗಿ, ಅನುಮತಿಯಿಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ ಗಾಡಿಯ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಮಾಲೀಕರಿಗೆ ಎಂಬ ಮಾತು ನೋಡಿ. ಬದಲಿಸಿದವನು ಮಗ, ಹೆಸರು ಇರುವುದು ಅಪ್ಪನದು! ಎಂಜಿನ್ ಬದಲಿಸಲೇಬೇಕಾದರೆ ಮೊದಲು ಆರ್‌ಟಿಓ ಕಚೇರಿಯ ಅನುಮತಿ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಬಣ್ಣ ಬದಲಿಸಿದರೂ ಬರೆಸಬೇಕು. ಕಿಟಕಿಗೆ ಕಪ್ಪು ಹಾಳೆ ಅಂಟಿಸುವುದನ್ನು 2012ರಲ್ಲಿಯೇ ಸುಪ್ರೀಂ ಕೋರ್ಟು ಬೇಡವೆಂದಿದೆ, ಆದರೂ ಆ ಬಯಲಿನಲ್ಲಿ ಕಪ್ಪು ಗಾಜಿನ ಗಾಡಿಗಳು ಆರೇಳು ಇದ್ದವು.

ದಂಡದ ಮಾತು ಹೋಗಲಿ ಬಿಡಿ. ನನ್ನ ಕೈಕಾಲು ತಣ್ಣಗಾದದ್ದು ವಿಮೆಯ ಮಾತಿಗೆ. ನಾಳೆ ಯಾರಿಗಾದರೂ ಗಾಡಿ ತಗುಲಿತು ಎನ್ನಿ. ವಿಮೆಯವರು ಮೊದಲು ನೋಡುವುದು ಎಂಜಿನ್ ನಂಬರು, ಚಾಸಿ ನಂಬರು. ತಾಳೆಯಾಗದಿದ್ದರೆ ತಕರಾರು ತೆಗೆಯುತ್ತಾರೆ. ಆಗ ಪರಿಹಾರದ ಹಣ ಸೇಡಂನ ಎರಡು ಕೋಣೆಯ ಮನೆಯಿಂದ ಬರಬೇಕು, ಮಗಳ ಫೀಸಿನಿಂದ ಬರಬೇಕು. ಎಲ್ಲಕ್ಕಿಂತ ಮೊದಲು, ತಗುಲುವುದು ಯಾರದೋ ಮಗುವಿಗೆ. 37 ಕುದುರೆಯ ಬಲಕ್ಕೆಂದು ಮಾಡಿದ ಹಗುರ ಗಾಡಿಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಬಲದ ಎಂಜಿನ್ ಕೂತಿದೆ, ಬ್ರೇಕು ಮಾತ್ರ ಹಳೆಯದೇ. ಹೈದರಾಬಾದಿನ ಆ ಹುಡುಗಿಯ ಮಾತು ಕಿವಿಯಲ್ಲಿ ಗುಂಯ್ ಎಂದಿತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮರೆತೀನು. ಹೈಸ್ಕೂಲ್ ಓದುವ ಹುಡುಗರ ಕೈಗೆ ಪ್ರೀತಿಯಿಂದ ಗಾಡಿ ಕೊಡುವ ತಾಯಂದಿರು ನಮ್ಮಲ್ಲಿ ಬಹಳ. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಇಲ್ಲವೇ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇದೂ 2019ರ ತಿದ್ದುಪಡಿಯದೇ.

ಓಡಿಸುವ ಹುಚ್ಚು ಇದ್ದವರಿಗೆ ದಾರಿಯೇ ಇಲ್ಲವೆಂದಲ್ಲ. ಕೊಯಮತ್ತೂರಿನಲ್ಲಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿ ರೇಸಿನ ಅಂಗಳಗಳಿವೆ. ನಮ್ಮ ರಾಜ್ಯದಲ್ಲಿ ಕೆ 1000 ಎಂಬ ರ‍್ಯಾಲಿ ಬಹಳ ಹಳೆಯದು, ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿಯೂ ರ‍್ಯಾಲಿ ನಡೆದಿವೆ. ಅಲ್ಲಿ ಹೆಲ್ಮೆಟ್ಟು, ಗಾಡಿಯೊಳಗೆ ಕಬ್ಬಿಣದ ಪಂಜರ, ಪರೀಕ್ಷೆ, ಓಡಿಸುವವರಿಗೆ ಬೇರೆ ಲೈಸೆನ್ಸು ಎಲ್ಲ ಉಂಟು. ಸೇಡಂ ಚಿತ್ತಾಪುರ ರಸ್ತೆಯಲ್ಲಿ ಏನುಂಟು? ಸಿಮೆಂಟ್ ಲಾರಿ, ಎಮ್ಮೆ, ಶಾಲೆ ಬಿಟ್ಟ ಮಕ್ಕಳು.

"ಬಾ ಅವ್ವಾ, ಗಾಡಿಯಾಗ ಹೋಗೋಣು" ಎಂದ ಮಗ ಸಂಜೆಗೆ. "ಆ ಗಾಡಿಯಾಗ ನಾ ಕೂಡಂಗಿಲ್ಲ. ನೀನೂ ಕೂಡಬ್ಯಾಡ" ಎಂದೆ. ಅಕ್ಕನೂ ನಾನೂ ರೈಲಿಗೆ ಬಂದೆವು. ಗಾಡಿಯನ್ನು ವಾಡಿಯ ಗ್ಯಾರೇಜಿಗೆ ಎಳೆದುಕೊಂಡು ಹೋದರಂತೆ.

ಕ್ಯಾಲೆಂಡರಿನ ಹಿಂದಿನ ಲೆಕ್ಕ

ರಾತ್ರಿ ಮನೆಯಲ್ಲಿ ಪಂಚಾಯಿತಿ ಕೂತಿತು. ನಮ್ಮ ಮನೆಯವರು ಎರಡನೇ ಪಾಳಿ ಮುಗಿಸಿ ಬಂದು ಎಲ್ಲ ಕೇಳಿ, "ಅಂದ್ರ ಜೈಲಿಗೆ ನಾ ಹೋಗಬೇಕೇನು?" ಎಂದು ಒಂದೇ ಮಾತು ಕೇಳಿದರು. ಮಗ ಅಳುಮುಖ ಮಾಡಿದ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂದುಗಡೆ ಲೆಕ್ಕ ಬರೆಸಿದೆ. ಎಂಜಿನ್ ಮತ್ತು ಗೇರ್ ಪೆಟ್ಟಿಗೆ 34 ಸಾವಿರ, ಚಕ್ರ ಟೈರು 18, ರೇಡಿಯೇಟರು ಕೊಳವೆ ಮುಂತಾದ್ದು 9, ಸೀಟು 4. ಒಟ್ಟು 65. ಒಂದು ಪೈಸೆಯ ಸಾಮಾನೂ ಹೊಸ ಗ್ಯಾರೇಜಿಗೆ ತಂದಿರಲಿಲ್ಲ.

"ಯಾಕೋ ಸುಳ್ಳ ಹೇಳಿದಿ?" ಎಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ, "ಖರೇ ಹೇಳಿದ್ರ ಕೊಡ್ತಿದ್ದೇನು ಅವ್ವಾ? ಗ್ಯಾರೇಜ್‌ನಾಗ ದಿನಾ ಬ್ಯಾರೇದವ್ರ ಗಾಡಿ ಎಣ್ಣಿ ಬದಲಿ ಮಾಡ್ತೀನಿ. ಒಮ್ಮೆರ ನಂದು ಅಂತ ಒಂದು ಮಾಡಬೇಕಿತ್ತು." ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆಗೆ ಹೇಳದೆ ಕಿರಾಣಿ ಹಣದಲ್ಲಿ ಉಳಿಸಿ ಕಸೂತಿ ದಾರ ತರಿಸಿಕೊಂಡದ್ದು ನೆನಪಾಯಿತು. ಆದರೆ ಕಸೂತಿ ಯಾರಿಗೂ ಹಾಯುವುದಿಲ್ಲವಲ್ಲ!

ಅಂದು ತೀರ್ಮಾನವಾಯಿತು. ಹಳೇ ಎಂಜಿನ್ ತಿರುಗಿ ಕೂರಿಸಬೇಕು, ಗಾಡಿ ಕಂಪನಿಯಿಂದ ಬಂದ ಎತ್ತರಕ್ಕೆ ಬರಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಇನ್‌ಸ್ಪೆಕ್ಟರರ ಮುಂದೆ ಗಾಡಿ ನಿಲ್ಲಿಸಬೇಕು. ನಮ್ಮ ಗಾಡಿಯ ಸರದಿ ಹತ್ತಿರವಿತ್ತು. ಎರಡು ಭಾನುವಾರ ಹಿಡಿಯಿತು. ಎರಡನೆಯ ಭಾನುವಾರ ನಾನೂ ವಾಡಿಗೆ ಹೋಗಿದ್ದೆ. ಸರಪಳಿಯಿಂದ ಎಂಜಿನ್ ಮೇಲೆತ್ತಿ, ನಿಧಾನವಾಗಿ ಕೆಳಗೆ ಬಿಡುವಾಗ ನಾನೇ ಬ್ಯಾಟರಿ ಹಿಡಿದು ಬೆಳಕು ತೋರಿಸಿದೆ. ಒಂದು ನಟ್ಟು ಸಿಗದೆ ಹುಡುಕಾಡುತ್ತಿದ್ದರು, ಅದು ನನ್ನ ಸೀರೆಯ ನೆರಿಗೆಯಲ್ಲಿ ಸಿಕ್ಕಿತು. ಕೆಲಸ ಮಾಡುವಾಗ ನನ್ನ ಮಗನ ಮುಖ ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ನನ್ನ ತಂದೆ ಮಗ್ಗದ ಮುಂದೆ ಕೂತಾಗ ಹೀಗೇ ತುಟಿ ಕಚ್ಚುತ್ತಿದ್ದರು.

ಎಸ್ಟೀಮಿನ ಎಂಜಿನ್ನನ್ನು ರ‍್ಯಾಲಿ ಓಡಿಸುವ ಒಬ್ಬರು 30 ಸಾವಿರಕ್ಕೆ ಕೊಂಡರು. ಚಕ್ರಗಳು 12 ಸಾವಿರಕ್ಕೆ ಹೋದವು. 42 ಸಾವಿರ ಮಗಳ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿದೆ. ಉಳಿದ 23 ಸಾವಿರವನ್ನು ತಿಂಗಳಿಗೆ ಮೂರು ಸಾವಿರದಂತೆ ಮಗ ತೀರಿಸಬೇಕು. ಎರಡು ಕಂತು ಬಂದಿವೆ. ಜೂನ್ ಹೊತ್ತಿಗೆ ಸಾಲದು, ಕಡಿಮೆ ಬಿದ್ದದ್ದನ್ನು ಅಕ್ಕ ಕೈಗಡ ಕೊಡುತ್ತೇನೆ ಎಂದಿದ್ದಾಳೆ.

ಯುಗಾದಿಗೆ ಅಕ್ಕನನ್ನು ಚಿಂಚೋಳಿಗೆ ಬಿಡಲು ಅದೇ ಗಾಡಿಯಲ್ಲಿ ಹೊರಟೆವು. ಅಂದು ಮಗ ಒಂದು ಜಪಾನೀ ಚಿತ್ರಕಥೆಯ ವಿಷಯ ಹೇಳಿದ್ದ. 'ಇನಿಷಿಯಲ್ ಡಿ' ಎಂದು ಅದರ ಹೆಸರು, 1995ರಿಂದ ಬಂದದ್ದು, ಅವರ ಗುಂಪಿನವರಿಗೆಲ್ಲ ಅದು ಪಾಠವಾಗಿದೆ. ಅದರಲ್ಲಿ ಒಬ್ಬ ಹುಡುಗ ಬೆಳಗಿನ ಜಾವ ಅಪ್ಪನ ಅಂಗಡಿಯ ತೋಫು, ಅಂದರೆ ಸೋಯಾ ಹಾಲಿನಿಂದ ಮಾಡಿದ ಪನೀರಿನಂಥದ್ದು, ಹಳೇ ಟೊಯೊಟಾದಲ್ಲಿ ಬೆಟ್ಟದ ದಾರಿಯಲ್ಲಿ ಒಯ್ಯುತ್ತಾನೆ. ಅಪ್ಪ ಒಂದು ಲೋಟ ನೀರು ಗಾಡಿಯಲ್ಲಿಟ್ಟು, ಚೆಲ್ಲದ ಹಾಗೆ ಓಡಿಸು ಎಂದು ಕಲಿಸುತ್ತಾನಂತೆ. ಇದನ್ನು ಕೇಳಿದ್ದೇ ತಡ, ಅಕ್ಕ ಒಳಗೆ ಹೋಗಿ ತಂಬಿಗೆ ತುಂಬ ಮಜ್ಜಿಗೆ ತಂದು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಮೇಲೆ ಮುಚ್ಚಳ ಹಾಕಲಿಲ್ಲ.

"ಹೊಡಿ ನೋಡೋಣು" ಎಂದಳು.

ಹುಡುಗ ಕೈ ಒರೆಸಿಕೊಂಡು ಸ್ಟಿಯರಿಂಗ್ ಹಿಡಿದ. ಊರು ದಾಟಿದೆವು, ತೊಗರಿ ಹೊಲಗಳು ದಾಟಿದವು, ತಗ್ಗು ಬಂದಲ್ಲೆಲ್ಲ ಗಾಡಿ ಬಸುರಿಯ ಹಾಗೆ ನಿಧಾನಕ್ಕೆ ಇಳಿದು ಏರಿತು. ಚಿಂಚೋಳಿ ಇನ್ನು ಎರಡು ಮೈಲಿ ಇದೆ ಎನ್ನುವಾಗ ಒಂದು ಆಡು ಅಡ್ಡ ಬಂತು. ಗಾಡಿ ನಿಂತಿತು. ಮಜ್ಜಿಗೆ ಅಕ್ಕನ ಇಳಕಲ್ ಸೀರೆಯ ಮೇಲೆ ಚೆಲ್ಲಿತು. ಆಡು ನಮ್ಮನ್ನು ನೋಡಿ ತನ್ನ ದಾರಿ ಹಿಡಿದು ಹೋಯಿತು. ಆ ಸೀರೆಯ ಕಲೆ ಹೋಗಿಸಲು ಏನು ಮಾಡಬೇಕೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ. ಅಕ್ಕ ದಿನಾ ಫೋನ್ ಮಾಡಿ ಕೇಳುತ್ತಿದ್ದಾಳೆ.